ನೀರು ಹಾಕಬಾರದ ಕುಂಡಗಳು

ಬಚ್ಚಲ ಪಕ್ಕದ ನೀಲಿ ಡ್ರಮ್ಮಿನ ನೀರನ್ನು ಮನೆಯಲ್ಲಿ ಯಾರೋ ಕದಿಯುತ್ತಿದ್ದಾರೆ ಎಂಬ ಗುಮಾನಿ ಪ್ರಭಾವತಿಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಮುಂಜಾನೆ. ಹಿಂದಿನ ರಾತ್ರಿ ತಾನೇ ಕೈಯಾರೆ ಮುಚ್ಚಳ ಹಾಕಿ ಮಲಗಿದ್ದಳು. ಎದ್ದು ಮುಚ್ಚಳ ತೆಗೆದರೆ ನೀರು ಗೇಣುದ್ದ ಕೆಳಗಿಳಿದಿತ್ತು. ಡ್ರಮ್ಮು ಸೋರಿತೇನೋ ಎಂದು ಸುತ್ತ ಬಗ್ಗಿ ನೋಡಿದಳು, ನೆಲ ಒಣಗಿಕೊಂಡಿತ್ತು. ಇಲಿ ಕುಡಿಯಿತು ಎನ್ನೋಣವೆಂದರೆ, ಮುಚ್ಚಳ ತೆಗೆದು ಕುಡಿದು ಮತ್ತೆ ಮುಚ್ಚಿಟ್ಟು ಹೋಗುವಷ್ಟು ಶಿಸ್ತು ಇಲಿಗೆ ಎಲ್ಲಿಂದ ಬರಬೇಕು?

ಧಾರವಾಡದ ಕೆಲಗೇರಿಯ ಆ ಓಣಿಗೆ ಬೇಸಿಗೆಯಲ್ಲಿ ನಳದ ನೀರು ಬರುವುದು ವಾರಕ್ಕೊಮ್ಮೆ, ಅದೂ ನಳಕ್ಕೆ ಮನಸ್ಸಾದರೆ. ಹಾಗಾಗಿ ಆ ಮನೆಯಲ್ಲಿ ನೀರಿನ ಖಾತೆ ಪೂರಾ ಪ್ರಭಾವತಿಯ ಕೈಯಲ್ಲಿತ್ತು. ಕುಡಿಯುವುದಕ್ಕೆ ತಾಮ್ರದ ಹಂಡೆ, ಅಡುಗೆಗೆ ಸ್ಟೀಲಿನ ಕೊಡ, ಮಿಕ್ಕಿದ್ದಕ್ಕೆಲ್ಲ ಡ್ರಮ್ಮು. ಎಲ್ಲರ ಸ್ನಾನ ಮುಗಿದ ಮೇಲೆ ಉಳಿದ ಅರ್ಧ ಬಕೀಟಿನಲ್ಲಿ ಅವಳ ಸ್ನಾನ. ತಲೆಗೆ ಎರೆದುಕೊಳ್ಳುವುದು ಈ ರವಿವಾರದಿಂದ ಬರುವ ರವಿವಾರಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಸರಿಯುತ್ತ ಹೋಗುತ್ತಿತ್ತು. ಸರಕಾರಿ ಸಾಲೆಯ ಮಾಸ್ತರಿಣಿ ಆಕೆ, ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಒಂದು ತಾಸು ಹೆಚ್ಚಿಗೆ ಮಲಗುವುದೊಂದೇ ಅವಳ ಶೋಕಿ. ಕಳ್ಳರು ಆ ಒಂದು ತಾಸನ್ನೇ ಹಿಡಿದಿದ್ದರು.

ಚಹಾದ ಹೊತ್ತಿಗೆ ಪಂಚಾಯಿತಿ ಸೇರಿತು.

"ಎರಡು ಬಕೀಟು ನೀರು ಕಡಿಮಿ ಆಗೇತಿ. ಯಾರ ಬಳಸಿದ್ರಿ? ಮೊದಲ ಹೇಳಿಬಿಡ್ರಿ."

ಮಾವ ಮೈಲಾರಪ್ಪ ನಿವೃತ್ತ ಹೆಡ್‌ಮಾಸ್ತರರು. ಪೇಪರಿನ ಹಿಂದಿನಿಂದಲೇ ಉತ್ತರ ಬಂತು. "ನಾ ಗಡ್ಡಾ ಮಾಡ್ಕೊಳ್ಳಾಕ ಒಂದ ವಾಟಗಾ ತೊಗೊಂಡೀನವಾ. ಅಷ್ಟ."

"ನನ್ನ ಯಾಕ ನೋಡ್ತಿ?" ಎಂದರು ಅತ್ತೆ ಕಸ್ತೂರೆವ್ವ. "ನಾ ಏನ ನಿನ್ನ ಡ್ರಮ್ಮಿನಾಗ ಇಳದು ಈಜ್ಯಾಡಿದ್ನೇನು?"

"ಬಿಸಲಿಗೆ ಆವಿ ಆಗಿರಬೇಕು ಬಿಡು," ಎಂದ ಗಂಡ ಶಶಿಕುಮಾರ. ತಹಶೀಲ್ದಾರ ಕಚೇರಿಯಲ್ಲಿ ಕೆಲಸ ಅವನದು, ಎಲ್ಲ ತಕರಾರಿಗೂ ಒಂದು ಷರಾ ಬರೆದು ಮುಗಿಸಿಬಿಡುವ ಅಭ್ಯಾಸ.

"ಬಚ್ಚಲದಾಗ ಎಲ್ಲಿ ಬಿಸಲು ಬರ್ತೈತ್ರಿ? ಮುಚ್ಚಳಾ ತೂರಿಕೊಂಡು ಆವಿ ಹೋಗ್ತೈತೇನು?"

ಮಗಳು ಮಾಯಾ ಚಹಾದಲ್ಲಿ ಟೋಸ್ಟು ಅದ್ದಿಕೊಂಡು ತನ್ನದೇ ಚಿಂತೆಯಲ್ಲಿದ್ದಳು. ಅವಳ ಚಿಂತೆ ಮಾಳಿಗೆಯ ಮೇಲಿತ್ತು.

ಮಾಯಾ ಕೃಷಿ ಎಂಎಸ್ಸಿ ವಿದ್ಯಾರ್ಥಿನಿ. ಬೇಳೆಕಾಳಿನ ಜಾತಿಯ ಮೇವಿನ ಗಿಡಗಳಲ್ಲಿ ನೀರಿಲ್ಲದೆ ಯಾವುದು ಎಷ್ಟು ದಿನ ತಾಳುತ್ತದೆ ಎಂದು ನೋಡುವುದು ಅವಳ ಪ್ರಬಂಧದ ವಿಷಯ. ಕಾಲೇಜಿನ ಚಪ್ಪರಗಳೆಲ್ಲ ಸೀನಿಯರುಗಳ ಪಾಲಾಗಿದ್ದರಿಂದ, ಗೈಡು ಗೀತಾಂಜಲಿ ಮೇಡಂ ಅವರ ಒಪ್ಪಿಗೆ ಪಡೆದು ಕುಂಡಗಳನ್ನು ಮನೆಯ ಮಾಳಿಗೆಗೇ ತಂದಿದ್ದಳು. ಮೆಟ್ಟಿಲ ಹತ್ತಿರ ಕುದುರೆ ಮಸಾಲೆ ಸೊಪ್ಪಿನ ಸಾಲು, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಅಲಸಂದಿ, ಕಟ್ಟೆಗೋಡೆಯ ಬದಿಗೆ ಹುರುಳಿ, ನೀರಿನ ಟಾಕಿಯ ಹಿಂದಿನ ಮೂಲೆಯಲ್ಲಿ ಮಡಿಕೆ ಕಾಳಿನ ಬಳ್ಳಿ. ಬಿಳಿ ಪಟ್ಟಿ ಕಟ್ಟಿದ ಕುಂಡಗಳಿಗೆ ಅವಳೇ ದಿನಾ ಅಳೆದು ನೀರು ಹಾಕುತ್ತಿದ್ದಳು. ಕೆಂಪು ಪಟ್ಟಿ ಕಟ್ಟಿದವಕ್ಕೆ ಹನಿ ನೀರೂ ಇಲ್ಲ. ವಾರಕ್ಕೊಮ್ಮೆ ಎಲ್ಲವನ್ನೂ ತೂಗಿ, ಎಲೆ ನೋಡಿ ಬರೆದುಕೊಳ್ಳುವುದು.

ಕುಂಡ ಬಂದ ದಿನವೇ ಜಗಳವೂ ಬಂದಿತ್ತು. ಕಸ್ತೂರೆವ್ವನಿಗೆ ಸಂಡಿಗೆ ಹಾಕಲು ಜಾಗ ಹೋಯಿತು, ಪ್ರಭಾವತಿಗೆ ಬಟ್ಟೆ ಹರವಲು ಓಡಾಡುವ ದಾರಿ ಹೋಯಿತು. ಆದರೆ ಅಸಲು ಜಗಳ ಅಪ್ಪ ಮಗಳದು.

"ನಮ್ಮಪ್ಪ ಓದಿದ್ದು, ನಾ ಓದಿದ್ದು, ದನದ ಹುಲ್ಲಿನಿಂದ ದೂರ ಬರಾಕ," ಎಂದಿದ್ದ ಶಶಿಕುಮಾರ. "ನೀ ಅಷ್ಟೆಲ್ಲಾ ಓದಿ ತಿರುಗಿ ಹುಲ್ಲಿಗೇ ಹೊಂಟಿಯಲ್ಲ!"

"ಹುಲ್ಲಲ್ಲಪಾ, ದ್ವಿದಳ ಮೇವು. ಬ್ಯಾಸಗಿಯಾಗ ಬರೇ ಜ್ವಾಳದ ಕಣಿಕಿ ತಿಂದ ಎಮ್ಮಿ ಹಾಲು ಎಷ್ಟು ಕೊಡ್ತೈತಿ ಹೇಳು? ಇಂಥಾದ್ದೊಂದು ಗಿಡಾ ಬರಕ್ಕ ತಾಳಿ ನಿಂತ್ರ..."

"ಎಮ್ಮಿ ವಿಚಾರ ಎಮ್ಮಿ ಮಾಡ್ಲಿ. ಅಂಬರೀಷನ ಕೋಚಿಂಗ್ ಕ್ಲಾಸು ಜೂನ್ ಒಂದಕ್ಕ ಶುರು ಆಕ್ಕೈತಿ. ಕೆಎಎಸ್ ಬರಿ. ಕುರ್ಚಿ ಮ್ಯಾಲ ಕುಂತು ಎಮ್ಮಿಗೆ ಯಾವ ಯೋಜನಾ ಬೇಕೋ ಮಂಜೂರು ಮಾಡು."

ಕಡೆಗೆ ಮೈಲಾರಪ್ಪ ನಡುವೆ ಬಿದ್ದು ರಾಜಿ ಮಾಡಿಸಿದ್ದರು. ಮಳೆ ಹಿಡಿಯುವುದರೊಳಗೆ ಪ್ರಯೋಗ ಸರಿಯಾಗಿ ಮುಗಿದು ಗೀತಾಂಜಲಿ ಮೇಡಂ ಹೂಂ ಅಂದರೆ ಮಾಯಾ ತನ್ನ ದಾರಿಯಲ್ಲಿ ಮುಂದುವರಿಯುವುದು. ಕೆಟ್ಟರೆ, ಮುಂದಿನ ಬೇಸಿಗೆಯ ತನಕ ಕಾಯುವಂತಿಲ್ಲ, ಜೂನ್ ಒಂದಕ್ಕೆ ಸೀದಾ ಕೋಚಿಂಗು. ಮಾಯಾ ಒಪ್ಪಿ ಕೈ ಕೊಟ್ಟಿದ್ದಳು. ಶಶಿಕುಮಾರನೂ ಕೈ ಕೊಟ್ಟು, ಮರುದಿನವೇ ಗೆಳೆಯ ಅಂಬರೀಷ ಕೊಟ್ಟ ದೊಡ್ಡ ಫ್ಲೆಕ್ಸನ್ನು ಗೇಟಿಗೆ ಕಟ್ಟಿದ. "ನಿಮ್ಮ ಕನಸಿನ ಹುದ್ದೆ, ನಮ್ಮ ಜವಾಬ್ದಾರಿ" ಎಂದು ಅದರ ಮೇಲೆ ಕೆಂಪಕ್ಷರ. ಮಾಯಾ ಕಾಲೇಜಿಗೆ ಹೋಗುವಾಗ ಬರುವಾಗ ಅದಕ್ಕೆ ಬೆನ್ನು ತಿರುಗಿಸಿ ಗೇಟು ತೆರೆಯುತ್ತಿದ್ದಳು.

ಆ ರವಿವಾರ ತೂಕ ಮುಗಿಸಿ ಮಾಯಾ ಕೆಳಗಿಳಿದು ಬಂದಾಗ ಮುಖ ಚಿಕ್ಕದಾಗಿತ್ತು. ಪ್ರಭಾವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಆ ತಕ್ಕಡಿ ಕೆಟ್ಟೈತಿ ಅನಸ್ತೈತಿ."

"ಯಾಕ?"

"ಕೆಂಪ ಪಟ್ಟಿ ಕುಂಡ ಹಗುರ ಆಗಬೇಕು. ಒಂದಿಷ್ಟು ಕುಂಡ ಹೋದ ವಾರಕ್ಕಿಂತ ವಜ್ಜಿ ಆಗ್ಯಾವ. ಕುದುರಿ ಮಸಾಲಿ ಈ ಹೊತ್ತಿಗೆ ಒಣಗಿ ಕಡ್ಡಿ ಆಗಬೇಕಿತ್ತು. ಹೊಸಾ ಚಿಗರು ಒಡದೈತಿ!"

ಊಟಕ್ಕೆ ಕೂತಿದ್ದ ಶಶಿಕುಮಾರ ಶೇಂಗಾ ಚಟ್ನಿಗೆ ಕೈ ಹಾಕುತ್ತ ಖುಷಿಯಿಂದ ಕೇಳಿದ. "ಅಂದ್ರ ಗಿಡಾ ಛಲೋ ಅದಾವ. ಪಾಸ್ ಆದಂಗ ಅಲ್ಲ?"

"ಅಪ್ಪಾ, ಛಲೋ ಇರಬಾರದು! ಅದ ತ್ರಾಸು!"

ಮಗಳ ದನಿ ಒಡೆದದ್ದು ಕೇಳಿ ಶಶಿಕುಮಾರನ ಕೈ ಚಟ್ನಿಯಲ್ಲೇ ನಿಂತಿತು. ಅವನು ತಾಯಿಯ ಮುಖ ನೋಡಿದ. ಕಸ್ತೂರೆವ್ವ ಮಜ್ಜಿಗೆಯ ಲೋಟ ನೋಡಿದರು. ಮೈಲಾರಪ್ಪ ಯಾವ ಕಾರಣವೂ ಇಲ್ಲದೆ ಕೆಮ್ಮಿದರು. ರೊಟ್ಟಿ ತಿರುವುತ್ತಿದ್ದ ಪ್ರಭಾವತಿಗೆ ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತ ಅನುಭವ. ಯಾವ ಬೆಂಚಿನಲ್ಲಿ ಏನು ನಡೆದಿದೆ ಎಂಬುದು ಆ ಕೆಮ್ಮಿನಲ್ಲೇ ಅರ್ಧ ತಿಳಿಯಿತು.

ಮರುದಿನ ಅವಳು ತನ್ನ ಶೋಕಿಗೆ ಕತ್ತರಿ ಹಾಕಿ, ಬೆಳಕು ಹರಿಯುವ ಮುಂಚೆಯೇ ಮಾಳಿಗೆ ಹತ್ತಿದಳು. ಹಗ್ಗದ ಮೇಲೆ ಹಿಂದಿನ ಸಂಜೆ ಒಗೆದು ಹರವಿದ ದೊಡ್ಡ ಕೌದಿ ಇತ್ತು. ಅದರ ಹಿಂದೆ ನಿಂತಳು.

ಮೊದಲು ಬಂದವರು ಕಸ್ತೂರೆವ್ವ. ಕೈಯಲ್ಲಿ ಅಕ್ಕಿ ತೊಳೆದ ನೀರಿನ ಪಾತೇಲಿ, ಕಂಕುಳಲ್ಲಿ ಮತ್ತೊಂದು ಚರಿಗೆ. ಬಾಡಿದ ಹುರುಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಕುಡೀರಿ ನನ್ನವ್ವಗೋಳ್ರ್ಯಾ, ಲಗೂನ ಕುಡೀರಿ, ಆಕಿ ಏಳ್ತಾಳ," ಎಂದು ಸುರಿದು, ಸೆರಗಿನಿಂದ ಪಾತೇಲಿ ಒರೆಸಿಕೊಂಡು ಇಳಿದು ಹೋದರು.

ಅವರ ಹೆಜ್ಜೆ ಸಪ್ಪಳ ಅಡಗುವುದರೊಳಗೆ ಮೈಲಾರಪ್ಪ ಹತ್ತಿ ಬಂದರು. ರಾತ್ರಿ ತಲೆದೆಸೆಗೆ ಇಟ್ಟುಕೊಂಡ ಕುಡಿಯುವ ನೀರಿನ ಚರಿಗೆ ಅವರ ಕೈಯಲ್ಲಿತ್ತು. ಅತ್ತ ಇತ್ತ ನೋಡಿ, ಹಾಜರಿ ಕರೆಯುವವರಂತೆ ಒಂದೊಂದೇ ಅಲಸಂದಿ ಗಿಡಕ್ಕೆ ಸಮನಾಗಿ ಹಂಚಿದರು. ಹಿಂದೆಯೇ ಶಶಿಕುಮಾರ. ಕೆರೆಯ ಕಡೆ ವಾಕಿಂಗ್ ಹೊರಟವನು, ಕಾಲಲ್ಲಿ ಬೂಟು, ಕೈಯಲ್ಲಿ ಡ್ರಮ್ಮಿನಿಂದ ಮೊಗೆದ ತುಂಬಿದ ಬಕೀಟು.

ಅಪ್ಪ ಮಗ ಎದುರುಬದುರಾದರು.

"ನೀವೇನ್ ಮಾಡಾಕತ್ತೀರಿ ಇಲ್ಲಿ?" ಎಂದ ಶಶಿಕುಮಾರ.

"ಹಳೇ ನೀರು ಚೆಲ್ಲಾಕ ಬಂದಿದ್ದೆ. ನೀ ಏನ್ ಮಾಡಾಕತ್ತಿ?"

"ನಾನೂ... ಹಂಗ."

"ಬಕೀಟು ತುಂಬಾ ಹಳೇ ನೀರೇನು?"

ಪ್ರಭಾವತಿಗೆ ಇನ್ನು ತಡೆಯಲಾಗಲಿಲ್ಲ. ಕೌದಿ ಸರಿಸಿ ಹೊರಬಂದಳು. "ನಿಂದರ್ರಿ ಅಲ್ಲೇ!"

ಶಶಿಕುಮಾರ ಬೆಚ್ಚಿ ಬಕೀಟು ಬಿಟ್ಟ. ಅಷ್ಟೂ ನೀರು ಕುದುರೆ ಮಸಾಲೆಯ ಸಾಲಿನ ಮೇಲೆ ಹರಿಯಿತು. ಆ ಸದ್ದಿಗೆ ಕಸ್ತೂರೆವ್ವ ಮತ್ತೆ ಮೇಲೆ ಬಂದರು, ಮಾಯಾ ಕಣ್ಣುಜ್ಜಿಕೊಳ್ಳುತ್ತ ಅವರ ಹಿಂದೆ ಬಂದಳು. ಖಾಲಿ ಚರಿಗೆ ಹಿಡಿದ ಅಜ್ಜ, ಉರುಳಿದ ಬಕೀಟಿನ ಪಕ್ಕ ಅಪ್ಪ, ಇನ್ನೂ ಪಾತೇಲಿ ಬಿಡದ ಅಜ್ಜಿ. ಹುಡುಗಿ ಮೆಟ್ಟಿಲ ಮೇಲೆಯೇ ಕೂತು ಅಳಲು ಶುರುಮಾಡಿದಳು.

"ಜೂನ್ ಒಂದಕ್ಕ ನನ್ನ ಅಂಬರೀಷ ಕಾಕಾನ ಕ್ಲಾಸಿಗೆ ಕಳಸಾಕ ಇಷ್ಟೆಲ್ಲಾ ಮಾಡಿದ್ರಿ ಹೌದಿಲ್ಲೋ?"

"ಇಲ್ಲ ಪುಟ್ಟಿ!" ಶಶಿಕುಮಾರ ನಿಜವಾಗಿ ಗಾಬರಿಯಾದ. "ಗಿಡಾ ಸತ್ರ ನಿನ್ನ ಫೇಲ್ ಮಾಡ್ತಾರಂತ ತಿಳ್ಕೊಂಡಿದ್ದೆ. ಕೋಚಿಂಗಿಗೆ ನೀ ಹೋಗಬೇಕು ಖರೇ, ಆದ್ರ ಫೇಲ್ ಆಗಿ ಅಲ್ಲ. ಬಾಡಿದ್ದು ನೋಡಿ ಬಕೀಟು ಹೊತಗೊಂಡು ಬಂದೆ."

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಕಸ್ತೂರೆವ್ವ ಮಾತ್ರ ನಗಲಿಲ್ಲ. ಪಾತೇಲಿ ಕೆಳಗಿಟ್ಟು ಮೊಮ್ಮಗಳ ಪಕ್ಕ ಕೂತರು.

"ಬೇಕಂತ ಮಾಡಲಿಲ್ಲವಾ. ನಾ ಸಣ್ಣಾಕಿದ್ದಾಗ ನಮ್ಮೂರ ಬಾವಿ ಹತ್ರ ಕೊಡಾ ಇಟ್ಟು ದೂರ ನಿಂದರ್ತಿದ್ದೆ. ನಾವು ಹಗ್ಗಾ ಮುಟ್ಟುವಂಗಿದ್ದಿಲ್ಲ. ಯಾರರ ಬಂದು ಮ್ಯಾಲಿಂದ ಹೊಯ್ದ್ರ ನೀರು, ಇಲ್ಲಂದ್ರ ಇಲ್ಲ. ಬಿಸಲು ಏರಿ ಇಳದ್ರೂ ನಿಂತೀನಿ. ನನ್ನ ಮನಿ ಮುಂದ ನೀರಡಿಸಿ ಯಾರೂ ನಿಂದರಬಾರದು ಅಂತ ಅವತ್ತ ಅನ್ಕೊಂಡೆ. ಮನಶಾ ಇರ್ಲಿ, ಗುಬ್ಬಿ ಇರ್ಲಿ, ಗಿಡಾ ಇರ್ಲಿ. ಇವು ಹಿಂಗ ತಲಿ ಕೆಳಗ ಹಾಕ್ಕೊಂಡು ನಿಂತಿದ್ದು ನೋಡಿ ನನ್ನ ಕೈ ಕೇಳಲಿಲ್ಲ."

ಈ ಮಾತನ್ನು ಪ್ರಭಾವತಿ ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ಎರಡು ಬಕೀಟು ನೀರಿಗಾಗಿ ತಾನು ಮಾಡಿದ ಪಂಚಾಯಿತಿ ನೆನಪಾಗಿ, ಉರುಳಿದ ಬಕೀಟನ್ನು ಎತ್ತಿ ಬದಿಗಿಟ್ಟಳು.

"ಆಯಿ," ಎಂದು ಮಾಯಾ ಅಜ್ಜಿಯ ಕೈ ಹಿಡಿದಳು. "ಸಾಯಸಾಕ ನಾ ಒಣಗಸಾಕತ್ತಿಲ್ಲ. ಮಳಿ ಬರೂತನಕ ತಾಳಿ ನಿಂದರೂವು ಯಾವು ಅಂತ ಗೊತ್ತಾದ್ರ ಅವನ್ನ ಬಿತ್ತೂದು. ರೈತರ ಎಮ್ಮಿ ಬ್ಯಾಸಗಿಯಾಗ ಉಪವಾಸ ಬೀಳೂದಿಲ್ಲ. ಕಡೀಕ ಇವಕ್ಕೂ ನೀರು ಕೊಡೂದೈತಿ. ಕೊಟ್ಟ ಮ್ಯಾಲ ಯಾವು ಚಿಗೀತಾವು ನೋಡೂದೂ ಪರೀಕ್ಷಾದಾಗ ಐತಿ."

"ಕಡೀಕ ಕೊಡ್ತಿ?"

"ಕೊಡ್ತೇನಿ."

"ಹಂಗಾರ ಆ ನೀರು ಹಾಕಾಕಿ ನಾನ. ಮಾತು ಕೊಡು."

ಮಾಯಾ ಮಾತು ಕೊಟ್ಟಳು. ಪ್ರಭಾವತಿ ಕಣ್ಣೊರೆಸಿಕೊಂಡು, ಮನೆಯಲ್ಲಿ ಒಬ್ಬರಾದರೂ ಶಿಸ್ತಿನಿಂದ ಇದ್ದೇವಲ್ಲ ಎಂಬ ಠೀವಿಯಲ್ಲಿ, "ನೋಡ್ರಿ, ಇಡೀ ಮನ್ಯಾಗ ನಾನೊಬ್ಬಾಕೀನ ಒಂದ ಹನಿ..." ಎಂದು ಶುರುಮಾಡಿದಳು. ಅಷ್ಟರಲ್ಲಿ ಮಾಯಾಳ ಕಣ್ಣು ಕೌದಿಯ ಮೇಲೆ ಬಿತ್ತು. ಕೌದಿಯ ಅಂಚಿನಿಂದ ಟಪ್, ಟಪ್ ಎಂದು ಹನಿ ಅಲಸಂದಿ ಕುಂಡಕ್ಕೆ ಬೀಳುತ್ತಿತ್ತು. ದಿನಾ ಅದೇ ಹಗ್ಗ, ದಿನಾ ಹಸಿ ಬಟ್ಟೆ. ಹಿಂಡುವಷ್ಟು ತ್ರಾಣವಿಲ್ಲದೆ ಪ್ರಭಾವತಿ ದೊಡ್ಡ ಬಟ್ಟೆಗಳನ್ನು ಹಾಗೆಯೇ ಹರವುವುದು ಮನೆಗೆಲ್ಲ ಗೊತ್ತು.

"ಅವ್ವಾ," ಎಂದಳು ಮಾಯಾ, "ನೀನೂ."

ಮೈಲಾರಪ್ಪ ನಕ್ಕ ನಗುವಿಗೆ ಪಕ್ಕದ ಮನೆಯ ಪಾರಿವಾಳಗಳು ಹಾರಿದವು. ಅಡಗಿ ಕೂತು ಕಳ್ಳರನ್ನು ಹಿಡಿದವಳ ಕಳವೇ ಎಲ್ಲಕ್ಕೂ ದೊಡ್ಡದಾಗಿತ್ತು.

ಎರಡು ದಿನ ಬಿಟ್ಟು ಗೀತಾಂಜಲಿ ಮೇಡಂ ತಾವೇ ಬಂದರು. ಮಾಯಾ ಒಂದನ್ನೂ ಮುಚ್ಚಿಡದೆ ಹೇಳಿದಳು. ಮೇಡಂ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಸಾಲು ಸಾಲಾಗಿ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತ ಹೋದರು. ಕುದುರೆ ಮಸಾಲೆ ಹಸಿ, ಅಲಸಂದಿ ಹಸಿ, ಹುರುಳಿಯೂ ಹಸಿ. ಟಾಕಿಯ ಹಿಂದಿನ ಮೂಲೆಗೆ ಬಂದಾಗ ಬೆರಳು ಇಳಿಯಲೇ ಇಲ್ಲ. ಮಣ್ಣು ಬಿರುಕು ಬಿಟ್ಟಿತ್ತು, ಮೇಲೆ ಮಡಿಕೆ ಬಳ್ಳಿ ಹಸಿರು ಚಾಪೆ ಹಾಸಿದಂತೆ ಹಬ್ಬಿಕೊಂಡಿತ್ತು.

"ಇದಕ್ಕ ಯಾರ ನೀರು ಹಾಕಿದ್ರಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದಕ್ಕ ಯಾರೂ ಹಾಕಿಲ್ರಿ," ಎಂದರು ಕಸ್ತೂರೆವ್ವ. "ಅದು ಬಾಡೇ ಇರಲಿಲ್ಲಲ್ರಿ. ಬಾಡಿದ್ದಕ್ಕ ಹಾಕಿದ್ವಿ."

"ಅಂದ್ರ ಈ ಸಾಲೊಂದು ಉಳದೈತಿ," ಎಂದರು ಮೇಡಂ. "ಆದ್ರ ಮಾಯಾ, ಬರೇ ಇದೊಂದರಿಂದ ಏನೂ ಹೇಳಾಕ ಬರೂದಿಲ್ಲ. ಉಳಿದಾವು ಎಷ್ಟು ತಾಳ್ತಾವು ಗೊತ್ತಾದ್ರ ಇದರ ಬೆಲಿ ತಿಳಿಯೂದು. ಇವತ್ತ ಎಲ್ಲಾ ಕುಂಡಕ್ಕೂ ಹೊಟ್ಟಿ ತುಂಬಾ ನೀರು ಕೊಟ್ಟು ಹೊಸದಾಗಿ ಶುರು ಮಾಡು. ಮೇ ತಿಂಗಳು ಪೂರ್ತಿ ಐತಿ, ಬಿಸಲು ಸಾಕಾಕ್ಕೈತಿ. ಆದ್ರ ಇನ್ನೊಮ್ಮಿ ಕೆಟ್ರ ಮುಂದಿನ ವರ್ಷನ. ಮತ್ತ ಅಡ್ಡಮಳಿ ಬಂದೀತು, ಕುಂಡ ಮುಚ್ಚಾಕ ಒಂದು ತಾಡಪತ್ರಿ ತಂದಿಡ್ರಿ."

"ನಾಳೀನ ತರ್ತೇನ್ರಿ," ಎಂದ ಶಶಿಕುಮಾರ.

ಮೇ ತಿಂಗಳು ಆ ಮನೆಯಲ್ಲಿ ಕಾವಲಿನ ತಿಂಗಳಾಯಿತು. ಯಾರು ಮೆಟ್ಟಿಲು ಹತ್ತಿದರೂ ಕೆಳಗಿನಿಂದ ಒಂದು ದನಿ ಕೇಳುತ್ತಿತ್ತು. "ಕೈಯಾಗ ಏನೈತಿ, ತೋರಸ್ರಿ!" ಪ್ರಭಾವತಿ ಹಗ್ಗವನ್ನು ಅಂಗಳಕ್ಕೆ ಇಳಿಸಿದಳು. ಮೈಲಾರಪ್ಪ ತಮ್ಮ ಚರಿಗೆಯ ನೀರನ್ನು ರಾತ್ರಿಯೇ ಪೂರಾ ಕುಡಿದು, ನಡುರಾತ್ರಿ ಎರಡು ಸಲ ಎದ್ದು ಹೋಗಿ ಹೆಂಡತಿಯಿಂದ ಬೈಸಿಕೊಂಡರು. ಕಸ್ತೂರೆವ್ವ ದಿನಾ ಸಂಜೆ ಬರಿಗೈಯಲ್ಲಿ ಹತ್ತಿ ಗಿಡಗಳ ನಡುವೆ ಕೂತು, "ಇನ್ನ ಸ್ವಲ್ಪ ತಡೀರಿ, ಇನ್ನ ಸ್ವಲ್ಪ," ಎಂದು ಸಮಾಧಾನ ಹೇಳಿ ಬರುತ್ತಿದ್ದರು. ಇಳಿದು ಬಂದ ಮೇಲೆ ಅವರಿಗೆ ರೊಟ್ಟಿ ಸೇರುತ್ತಿರಲಿಲ್ಲ. ಅದನ್ನು ನೋಡಿ ಪ್ರಭಾವತಿಯೇ ಒಂದು ಉಪಾಯ ಮಾಡಿ, ಗುಬ್ಬಿಗಳಿಗೆಂದು ಕಟ್ಟೆಗೋಡೆಯ ಮೇಲೆ ಮಣ್ಣಿನ ಪರಟೆ ಇಟ್ಟು, ಅದಕ್ಕೆ ದಿನಾ ಒಂದು ಚರಿಗೆ ನೀರು ಅತ್ತೆಯ ಹೆಸರಿಗೆ ಮಂಜೂರು ಮಾಡಿದಳು. ಅಂದಿನಿಂದ ಮುದುಕಿಗೆ ರೊಟ್ಟಿ ಸೇರಿತು.

ಗಿಡಗಳೂ ತಮ್ಮ ತಮ್ಮ ಗುಣ ತೋರಿಸತೊಡಗಿದವು. ಕುದುರೆ ಮಸಾಲೆ ಎಲ್ಲಕ್ಕೂ ಮೊದಲು ಜೋತುಬಿತ್ತು. ಅಲಸಂದಿ ಕೆಳಗಿನ ಎಲೆಗಳನ್ನು ಒಂದೊಂದಾಗಿ ಉದುರಿಸಿ ಮೇಲಿನ ನಾಲ್ಕು ಎಲೆ ಉಳಿಸಿಕೊಂಡಿತು. ಹುರುಳಿ ಮಧ್ಯಾಹ್ನವಾದರೆ ಎಲೆಗಳನ್ನು ಅಡ್ಡ ತಿರುಗಿಸಿ ಬಿಸಿಲಿಗೆ ಬರೀ ಅಂಚು ತೋರಿಸುತ್ತಿತ್ತು. ಮಡಿಕೆ ಮಾತ್ರ ಇದ್ದ ಹಾಗೇ ಇತ್ತು. ಮಾಯಾ ಊಟಕ್ಕೆ ಕೂತಾಗ ಇದನ್ನೆಲ್ಲ ಬಣ್ಣಿಸುತ್ತಿದ್ದರೆ ಶಶಿಕುಮಾರ ತಟ್ಟೆ ನೋಡುತ್ತಲೇ ಕೇಳುತ್ತಿದ್ದ, ನಡುವೆ ಒಂದೊಂದು ಪ್ರಶ್ನೆಯೂ ಹಾಕುತ್ತಿದ್ದ.

"ಈ ಮಡಿಕಿ ಬೇರು ಎಷ್ಟು ಆಳ ಹೋಗ್ತೈತಿ?"

"ಕುಂಡ ಒಡದು ನೋಡಿದ ಮ್ಯಾಲ ಹೇಳ್ತೇನಪಾ. ತಾಡಪತ್ರಿ ತಂದಿಯೇನು?"

"ನಾಳಿ ತರ್ತೇನಿ."

ಆ ನಾಳೆ ಬರುವ ಮುಂಚೆ ಮಳೆ ಬಂತು.

ಇನ್ನು ನಾಲ್ಕೇ ದಿನದ ಕೆಲಸ ಉಳಿದಿತ್ತು. ಮಾಯಾ ಅಷ್ಟರ ತನಕದ ಬರಹ ತೋರಿಸಲು ಉಣಕಲ್ಲಿನಲ್ಲಿದ್ದ ಮೇಡಂ ಮನೆಗೆ ಹೋಗಿದ್ದಳು. ಬುದ್ಧ ಪೂರ್ಣಿಮೆಯ ದಿನ, ಪ್ರಭಾವತಿ ಒಲೆಯ ಮೇಲೆ ಗೋಧಿ ಹುಗ್ಗಿ ಕೈಯಾಡಿಸುತ್ತಿದ್ದಳು. ಸಂಜೆ ಫೋನು ಬಂತು.

"ಅವ್ವಾ, ನಾ ಬಸ್ಸಿನ್ಯಾಗ ಅದೀನಿ! ಇಲ್ಲಿ ಮಳಿ ಹಿಡಕೊಂಡ ಹೊಡಿಯಾಕತ್ತೈತಿ, ಧಾರವಾಡದ ಕಡೇನ ಹೊಂಟೈತಿ! ಕುಂಡ ನೋಡು ಅವ್ವಾ!"

ಪ್ರಭಾವತಿ ಸೌಟು ಕೈಯಲ್ಲಿ ಹಿಡಿದೇ ಮೇಲೆ ಓಡಿದಳು. ಮೂಡಣ ಕಪ್ಪಗೆ ಕಟ್ಟಿಕೊಂಡಿತ್ತು, ಗಾಳಿಗೆ ತೆಂಗಿನ ಗರಿ ಹೊಯ್ದಾಡುತ್ತಿದ್ದವು. "ಅತ್ತೀ! ಮಾವಾರ! ಏನ್ರೀ! ಮಳಿ!" ಎಂದು ಕೂಗಿದ ಕೂಗಿಗೆ ಮನೆಯೇ ಮೇಲೆ ಬಂತು. ಮೈಲಾರಪ್ಪ ಕೊಡೆ ತಂದರು, ಕಸ್ತೂರೆವ್ವ ಊಟದ ಮೇಜಿನ ಪ್ಲಾಸ್ಟಿಕ್ ಹಾಸು ಕಿತ್ತು ತಂದರು. ಪ್ರಭಾವತಿ ಕುದುರೆ ಮಸಾಲೆಯ ಕುಂಡಗಳನ್ನು ಎದೆಗವಚಿ ಒಂದೊಂದಾಗಿ ಮೆಟ್ಟಿಲ ಮಾಡಿನ ಕೆಳಗೆ ಸಾಗಿಸತೊಡಗಿದಳು. ಉಳಿದ ಮೂರು ಸಾಲನ್ನು ಒತ್ತಟ್ಟಿಗೆ ಸರಿಸಿದರೂ ಕೊಡೆ, ಹಾಸು ಯಾವುದೂ ಸಾಲುವಂತಿರಲಿಲ್ಲ.

"ತಾಡಪತ್ರಿ ಎಲ್ಲೈತ್ರಿ?"

ಶಶಿಕುಮಾರ ಕೆಳಗೆ ಓಡಿದ. ಗೇಟಿನ ಹತ್ತಿರ ಹಗ್ಗ ಹರಿದ ಸದ್ದು ಕೇಳಿತು. ಎರಡೆರಡು ಮೆಟ್ಟಿಲು ಹಾರಿ ಬಂದವನ ಹೆಗಲ ಮೇಲೆ ಅಂಬರೀಷನ ಕ್ಲಾಸಿನ ಫ್ಲೆಕ್ಸು ಇತ್ತು.

"ಹಿಡೀರಿ ಮೂಲಿ! ಅಪ್ಪಾ, ನೀವು ಆ ಕಡೆ! ಗಟ್ಟಿ ಹಿಡೀರಿ!"

ಮೊದಲ ದಪ್ಪ ಹನಿ ಬೀಳುವುದಕ್ಕೂ ಫ್ಲೆಕ್ಸು ಕುಂಡಗಳ ಮೇಲೆ ಹರಡುವುದಕ್ಕೂ ಸರಿಹೋಯಿತು. ನಾಲ್ಕು ಮೂಲೆಗೆ ನಾಲ್ವರು. ಹನಿ ಬಿರುಸಾಯಿತು, ಆಮೇಲೆ ಒಮ್ಮೆಲೇ ಹೊಡೆಯಿತು. ಇಡೀ ಓಣಿ ಮೊದಲ ಮಳೆಗೆ ಹಿಗ್ಗಿ ಮಾಳಿಗೆ ಏರಿತ್ತು, ಬಕೀಟು ಕೊಡಪಾನಗಳು ಸಾಲಾಗಿ ಹೊರಗೆ ಬಂದಿದ್ದವು. ಪಕ್ಕದ ಮಾಳಿಗೆಯಿಂದ ರುಕ್ಮವ್ವ ನೆನೆಯುತ್ತ ಕೂಗಿದಳು.

"ಯವ್ವಾ ಕಸ್ತೂರೆವ್ವಾ! ಗಿಡಕ್ಕ ಮಳಿ ಬೀಳಬಾರದಂತ ಮುಚ್ಚಾಕತ್ತೀರಲ್ಲ, ಹುಚ್ಚ ಹಿಡದೈತೇನು ನಿಮಗ?"

ಕಸ್ತೂರೆವ್ವ ಮುಖದ ನೀರು ಹೆಗಲಿಗೆ ಒರೆಸಿಕೊಂಡರೇ ಹೊರತು ಹಿಡಿದ ಮೂಲೆ ಬಿಡಲಿಲ್ಲ. "ಇವು ಪರೀಕ್ಷಾಕ್ಕ ಕುಂತಾವ ರುಕ್ಮವ್ವಾ! ಕಾಪಿ ಹೊಡಿಯಾಕ ಬಿಡಾಂಗಿಲ್ಲ!"

ಶಶಿಕುಮಾರ ಜೋರಾಗಿ ನಕ್ಕ. ನಗುತ್ತಲೇ ಅವನು ತಾಯಿಯನ್ನು ನೋಡಿದ. ಒಂದು ಗಿಡ ನೀರಡಿಸಿ ನಿಂತರೆ ಊಟ ಬಿಡುವ ಮುದುಕಿ ತಾನು ತೊಯ್ದು ತೊಪ್ಪೆಯಾಗಿ, ಬಾಡಿದ ಗಿಡಗಳಿಗೆ ಒಂದು ಹನಿ ಬೀಳದಂತೆ ಹಿಡಿದು ನಿಂತಿದ್ದಳು. ಅವನ ನಗು ಅಲ್ಲಿಗೇ ನಿಂತು ಕಣ್ಣು ತುಂಬಿದವು. ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

ಮಾಯಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದಾಗ ಮಳೆ ತುಸು ತಗ್ಗಿತ್ತು. ಮಾಳಿಗೆಯ ಮೇಲೆ ನಾಲ್ವರೂ ನಿಂತಲ್ಲೇ ನಿಂತಿದ್ದರು. ಅವಳು ಮೊದಲು ಕುಂಡದ ಮಣ್ಣು ಮುಟ್ಟಿ ನೋಡಿದಳು. ಒಣ ಮಣ್ಣು. ಆಮೇಲೆ ಮೇಲಿನ ಕೆಂಪಕ್ಷರ ಓದಿದಳು.

"ಅಪ್ಪಾ, ನಿನ್ನ ಗೆಳೆಯಾಗ ಏನ ಹೇಳ್ತಿ?"

"ಕನಸಿನ ಹುದ್ದೆ ಅವರ ಜವಾಬ್ದಾರಿ ಅಂತ ಬರದಾರಲ್ಲ," ಎಂದ ಶಶಿಕುಮಾರ, "ಅದಕ್ಕ ಹಾಕೀನಿ."

ಕೆಳಗೆ ಹುಗ್ಗಿ ತಳ ಹಿಡಿದಿತ್ತು. ಆ ರಾತ್ರಿ ಐವರೂ ಒದ್ದೆ ತಲೆಯಲ್ಲಿ ಕೂತು ಸೀದ ಹುಗ್ಗಿಗೆ ತುಪ್ಪ ಸುರಿದುಕೊಂಡು, ಒಬ್ಬರೂ ಅದರ ಮಾತೆತ್ತದೆ ತಿಂದರು.

ನಾಲ್ಕು ದಿನದ ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಮೇಡಂ ಬಂದು ಎಲ್ಲ ನೋಡಿ, "ಸರಿ ಐತಿ ಮಾಯಾ, ಇನ್ನ ನೀರು ಕೊಡು," ಎಂದು ಚಹಾ ಕುಡಿದು ಹೋದರು. ಶಶಿಕುಮಾರ ಕಚೇರಿಗೆ ಹೊರಟವನು ತಿರುಗಿ ಬಂದು, ಜೂನ್ ಒಂದರ ವಿಷಯ ಅಂಬರೀಷನಿಗೆ ತಾನೇ ಹೇಳುವುದಾಗಿ ಮಗಳಿಗೆ ತಿಳಿಸಿ, ಬೂಟು ಬಿಚ್ಚಿ ಮಾಳಿಗೆ ಹತ್ತಿದ.

ಕಸ್ತೂರೆವ್ವ ಆಗಲೇ ಮಿಂದು, ಒಗೆದ ಇಳಕಲ್ಲ ಸೀರೆ ಉಟ್ಟು, ತುಂಬಿದ ಚರಿಗೆ ಹಿಡಿದು ಮೇಲೆ ನಿಂತಿದ್ದರು. ಕುದುರೆ ಮಸಾಲೆ ಕಡ್ಡಿಯಾಗಿತ್ತು, ಅಲಸಂದಿಯಲ್ಲಿ ನಾಲ್ಕು ಎಲೆ ಇದ್ದವು. ಅವರು ಅವನ್ನೆಲ್ಲ ದಾಟಿ ಸೀದಾ ಟಾಕಿಯ ಹಿಂದಿನ ಮೂಲೆಗೆ ಹೋಗಿ, ಮಡಿಕೆಯ ಕುಂಡದ ಮುಂದೆ ಕೂತು, ಮೊದಲ ನೀರು ಅದಕ್ಕೆ ಹೊಯ್ದರು. ಬಿರುಕಿನೊಳಗೆ ನೀರು ಸುಯ್ಯೆಂದು ಇಳಿಯಿತು.

"ಆಯಿ, ಬಾಡಿದಾವು ಈ ಕಡೆ ಅದಾವ," ಎಂದಳು ಮಾಯಾ. "ಅದು ಬಾಡೇ ಇಲ್ಲ."

"ಬಾಡಲಿಲ್ಲಂದ್ರ ನೀರಡಿಕಿ ಆಗಿಲ್ಲಂತೇನು?"

ಹಾಗೆಂದು ಚರಿಗೆಯನ್ನು ಮತ್ತೆ ತುಂಬಿಸಲು ಮೊಮ್ಮಗಳ ಕೈಗೆ ಕೊಟ್ಟು, ಮೆಟ್ಟಿಲ ಬಾಯಲ್ಲಿ ಬಕೀಟು ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿದರು. ಸೊಸೆಯ ಕೂದಲು ಎಣ್ಣೆ ನೀರು ಕಾಣದೆ ಎಷ್ಟೋ ರವಿವಾರಗಳಾಗಿದ್ದವು.

"ಪ್ರಭಾ, ಆ ಬಕೀಟು ಅವಗ ಕೊಟ್ಟು ನೀ ಕೆಳಗ ಹೋಗು. ಅವತ್ತ ಫ್ಲೆಕ್ಸಿನ್ಯಾಗ ನಿಂತ ಮಳಿ ನೀರು ಹಿಡದಿಟ್ಟಿದ್ದೆ, ಬಚ್ಚಲ ಹಂಡೆ ತುಂಬಿಸಿ ಕಾಯಿಸಿಟ್ಟೀನಿ. ತಲಿ ಮ್ಯಾಲ ಕೊಡಗಟ್ಟಲೆ ಹಾಕ್ಕೊ. ಡ್ರಮ್ಮು ಇವತ್ತ ನಾ ಕಾಯ್ತೇನಿ."

ಪ್ರಭಾವತಿ ಬಕೀಟನ್ನು ಗಂಡನ ಕೈಗೆ ಕೊಟ್ಟು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಮುಡಿ ಬಿಚ್ಚಿಕೊಂಡು ಮೆಟ್ಟಿಲಿಳಿದಳು.